ಮುಸ್ತಫಾನಿಗಾಗಿ ಅತ್ತವರು

ಸತ್ತು 460 ವರ್ಷ ಕಳೆದ ಒಬ್ಬ ರಾಜಕುಮಾರನಿಗಾಗಿ ಒಂದು ದೇಶದ ಮನೆಮನೆಗಳಲ್ಲಿ ಜನ ಕೂತು ಅತ್ತದ್ದು ನಮ್ಮ ಕಾಲದಲ್ಲೇ ನಡೆದಿದೆ. 2014ರ ಫೆಬ್ರವರಿ 12, ಬುಧವಾರ ರಾತ್ರಿ. ತುರ್ಕಿಯ ಸ್ಟಾರ್ ಟಿವಿಯಲ್ಲಿ ‘ಮುಹ್ತೆಶೆಮ್ ಯೂಝ್‌ಯಿಲ್’ ಧಾರಾವಾಹಿಯ 123ನೆಯ ಕಂತು ಪ್ರಸಾರವಾಗುತ್ತಿತ್ತು. ಹೆಸರಿನ ಅರ್ಥ ‘ಭವ್ಯ ಶತಮಾನ’. ಉಸ್ಮಾನಿ ಸುಲ್ತಾನ ಸುಲೈಮಾನ್ ಇರಾನಿನ ಮೇಲೆ ದಂಡೆತ್ತಿ ಹೊರಟವನು ದಾರಿಯಲ್ಲಿ ಶಿಬಿರ ಹೂಡಿ, ತನ್ನ ಮಗ ಶಹಜಾದಾ ಮುಸ್ತಫಾನನ್ನು ಕರೆಸಿಕೊಳ್ಳುತ್ತಾನೆ. ಹೋಗಬೇಡ ಎಂದು ಹೇಳುವವರು ಹೇಳುತ್ತಾರೆ. ತಂದೆ ಕರೆದರೆ ಮಗ ಹೋಗದಿರುವುದು ಹೇಗೆ? ಮುಸ್ತಫಾ ಗುಡಾರದೊಳಗೆ ಕಾಲಿಡುತ್ತಾನೆ. ಒಳಗೆ ಕಾದಿದ್ದವರು ವಧಕಾರರು. ರಾಜವಂಶದವರ ರಕ್ತ ನೆಲಕ್ಕೆ ಬೀಳಬಾರದೆಂಬುದು ಉಸ್ಮಾನಿಗಳ ಸಂಪ್ರದಾಯ. ಆದ್ದರಿಂದ ಕತ್ತಿಯಲ್ಲ, ಕೊರಳಿಗೆ ಹಗ್ಗ. ಪರದೆಯ ಆಚೆಗೆ ತಂದೆ ಕುಳಿತಿದ್ದಾನೆ.

ಮರುದಿನದಿಂದ ಬುರ್ಸಾ ನಗರದ ಮುರಾದಿಯೆಯಲ್ಲಿರುವ ಮುಸ್ತಫಾನ ಗೋರಿಗೆ ಜನ ಬರತೊಡಗಿದರು. ಹೆಂಗಸರು, ಕಾಲೇಜಿನ ಹುಡುಗರು, ಮಕ್ಕಳನ್ನು ಕೈಹಿಡಿದುಕೊಂಡು ಬಂದ ಗೃಹಸ್ಥರು ಫಾತಿಹಾ ಓದಿ ಕಣ್ಣೊರೆಸಿಕೊಂಡು ಹೋದರು. ಧಾರಾವಾಹಿಯ ಪಾತ್ರಕ್ಕಾಗಿ ಅಳುವುದು ಎಲ್ಲ ಊರುಗಳಲ್ಲೂ ಇದೆ. ಆದರೆ ಅತ್ತವರು ಎದ್ದು ಗೋರಿಯವರೆಗೆ ನಡೆಯುವುದು ಅಪರೂಪ. ನಾನೂ ಕತೆ ಬರೆಯುವವಳಾದ್ದರಿಂದ ಈ ಸುದ್ದಿ ಓದಿದಾಗ ನನ್ನೊಳಗೆ ಸ್ವಲ್ಪ ಹೊಟ್ಟೆಕಿಚ್ಚೂ ಹುಟ್ಟಿತೆಂದು ಹೇಳಿಬಿಡುತ್ತೇನೆ.

ಈ ಅಳುವಿನಲ್ಲಿ ಒಂದು ವಿಶೇಷವಿದೆ. ಮುಸ್ತಫಾ ಸಾಯುತ್ತಾನೆಂಬುದು ಯಾರಿಗೆ ಗೊತ್ತಿರಲಿಲ್ಲ? ತುರ್ಕಿಯಲ್ಲಿ ಇತಿಹಾಸ ಓದಿದ ಯಾರನ್ನು ಕೇಳಿದರೂ, 1553ರ ಅಕ್ಟೋಬರ್ 6ರಂದು ಕೊನ್ಯಾ ಸೀಮೆಯ ಎರೆಗ್ಲಿಯ ಹತ್ತಿರ ಸುಲೈಮಾನ್ ತನ್ನ ಮಗನನ್ನು ಕೊಲ್ಲಿಸಿದ ಎಂದು ಹೇಳಿಯಾರು. ಅಂದರೆ ಇಲ್ಲಿ ಕತೆಗಾರನ ಕೈಚಳಕದ ತಿರುವಿಲ್ಲ, ಮುಚ್ಚಿಟ್ಟ ಗುಟ್ಟಿಲ್ಲ. ಮೂರು ವರ್ಷಗಳ ಕಾಲ ಪ್ರತಿ ಬುಧವಾರ ಮುಸ್ತಫಾನನ್ನು ನೋಡಿದ ಪ್ರತಿಯೊಬ್ಬ ವೀಕ್ಷಕನೂ ಅವನನ್ನು ಸಾಯಲಿರುವವನೆಂದು ತಿಳಿದೇ ನೋಡಿದ.

ಇದನ್ನು ಇಂಗ್ಲೆಂಡಿನ ಒಂದು ಧಾರಾವಾಹಿಯ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿಯ ‘ಡೌನ್‌ಟನ್ ಅಬಿ’ ಎಂಬ ಜಮೀನ್ದಾರಿ ಕುಟುಂಬದ ಕತೆಯ ಮೂರನೆಯ ಸೀಸನ್ 2012ರ ಕ್ರಿಸ್ಮಸ್ ರಾತ್ರಿಯ ವಿಶೇಷ ಕಂತಿನೊಂದಿಗೆ ಮುಗಿಯಿತು. ಮ್ಯಾಥ್ಯೂ ಕ್ರಾಲಿಗೆ ಗಂಡು ಮಗು ಹುಟ್ಟುತ್ತದೆ. ಮಗುವನ್ನು ನೋಡಿ ಹಿಂತಿರುಗುವಾಗ ಅವನ ಮೋಟಾರು ಉರುಳಿ ಅವನು ಸಾಯುತ್ತಾನೆ. ಕಾರಣ ಕತೆಯ ಒಳಗಿನದಲ್ಲ. ನಟ ಡಾನ್ ಸ್ಟೀವನ್ಸ್‌ಗೆ ಮೂರು ವರ್ಷದ ಕರಾರು ಮುಗಿದ ಮೇಲೆ ಮುಂದುವರಿಯುವ ಮನಸ್ಸಿರಲಿಲ್ಲ. ಹಬ್ಬದ ಊಟ ಮುಗಿಸಿ ಕೂತ ಜನ ಸಿಟ್ಟಿಗೆದ್ದರು. ನಮ್ಮ ಕ್ರಿಸ್ಮಸ್ ಹಾಳುಮಾಡಿದೆ ಎಂದು ಬರಹಗಾರ ಜೂಲಿಯನ್ ಫೆಲೋಸ್ ಅವರನ್ನು ಬೈದರು. ಅದು ಸಹಜವೇ. ಮ್ಯಾಥ್ಯೂ ಬದುಕಬಹುದಿತ್ತು, ಬರೆದವನು ಕೊಂದ. ಆ ಸಿಟ್ಟಿಗೆ ವಿಳಾಸವಿತ್ತು.

ತುರ್ಕಿಯ ಧಾರಾವಾಹಿಗೂ ಇಂಥ ಪ್ರಸಂಗ ಒದಗಿತ್ತು. 2013ರ ಬೇಸಿಗೆಯಲ್ಲಿ ಮೂರನೆಯ ಸೀಸನ್ ಮುಗಿಯುವ ಹೊತ್ತಿಗೆ ಸುಲ್ತಾನನ ಪ್ರೀತಿಯ ಮಡದಿ ಹುರ್ರಮ್ ಪಾತ್ರದ ಮೆರ್ಯೆಮ್ ಉಝೆರ್ಲಿ ದಣಿದು, ಕೆಲಸ ಬಿಟ್ಟು ಜರ್ಮನಿಗೆ ಹೋದರು. ಮುಂದಿನ ಸೀಸನ್‌ನಲ್ಲಿ ಅದೇ ಹುರ್ರಮ್ ಬೇರೆ ಮುಖ ಹೊತ್ತು ಬಂದಳು. ವಾಹಿದೆ ಪೆರ್ಚಿನ್ ಒಳ್ಳೆಯ ನಟಿ. ಆದರೆ ಜನರಿಗೆ ಬೇಕಾಗಿದ್ದದ್ದು ಹಳೆಯ ಮುಖ. ಗೊಣಗಾಟ ಬಹಳ ದಿನ ನಡೆಯಿತು. ಅದು ಗಿರಾಕಿಯ ಗೊಣಗಾಟ. ಕೊಂಡ ಸರಕು ಬದಲಾಯಿತೆಂಬ ತಕರಾರು. ಫೆಬ್ರವರಿಯ ಆ ರಾತ್ರಿಯದು ಬೇರೆ ಜಾತಿಯದು. ಬುರ್ಸಾಕ್ಕೆ ಹೋದವರು ಯಾವ ಲೇಖಕನನ್ನೂ ಬೈಯಲು ಹೋಗಿರಲಿಲ್ಲ. ಲೇಖಕ ಏನು ಮಾಡಿಯಾನು, ನಡೆದದ್ದೇ ಹಾಗೆ.

ಗೊತ್ತಿರುವ ಸಾವಿಗೆ ಅಳುವ ಕಲೆ ನಮಗೆ ಹೊಸದಲ್ಲ. ಉರ್ದುವಿನಲ್ಲಿ ಮೀರ್ ಅನೀಸ್, ಮಿರ್ಝಾ ದಬೀರ್ ಬರೆದ ಮರ್ಸಿಯಾಗಳನ್ನು ಕೇಳಲು ಬರುವವರಿಗೆ ಕರ್ಬಲಾದಲ್ಲಿ ಏನಾಗುತ್ತದೆಂದು ಗೊತ್ತು. ಯಾರು ಮೊದಲು ಬೀಳುತ್ತಾರೆ, ನೀರು ತರಲು ಹೋದವರ ಕೈಗಳು ಎಲ್ಲಿ ಕಡಿಯಲ್ಪಡುತ್ತವೆ, ಎಲ್ಲವೂ ಗೊತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಹೊತ್ತಿಗೆ ಅಲಾವಿಯ ಸುತ್ತ ರಿವಾಯತ್ ಪದ ಹಾಡುವ ಹಿಂದೂ ಮುಸ್ಲಿಮರಿಗೂ ಗೊತ್ತು. ಗೊತ್ತಿರುವುದರಿಂದ ಅಳು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಮಗು ತೊಟ್ಟಿಲಲ್ಲಿ ನಕ್ಕರೂ ಕೇಳುವವನಿಗೆ ಮುಂದಿನದು ಕಾಣುತ್ತಿರುತ್ತದೆ. ‘ಮುಹ್ತೆಶೆಮ್ ಯೂಝ್‌ಯಿಲ್’ ತಂಡ ಈ ಗುಟ್ಟನ್ನು ಚೆನ್ನಾಗಿ ಅರಿತಿತ್ತು. ಮುಸ್ತಫಾನ ಪಾತ್ರ ಮಾಡಿದ ಮೆಹ್ಮೆತ್ ಗುನ್ಸುರ್ ಮುಖದಲ್ಲಿ ಸದಾ ಒಂದು ತಿಳಿ ಇರುತ್ತಿತ್ತು, ವಂಚನೆಯ ಅರಮನೆಯಲ್ಲಿ ವಂಚನೆ ಕಲಿಯದೆ ಬೆಳೆದವನ ತಿಳಿ. ನನ್ನ ಪ್ರಕಾರ ಪಾತ್ರವನ್ನು ತುಸು ಹೆಚ್ಚೇ ಸಿಹಿ ಮಾಡಿದ್ದಾರೆ. ಯಾವ ರಾಜಕುಮಾರನೂ ಅಷ್ಟು ನಿರ್ಮಲನಾಗಿರಲಾರ. ಆದರೂ ಆ ಸಿಹಿಯೇ ಕೊನೆಗೆ ಕಹಿಯನ್ನು ದುಪ್ಪಟ್ಟು ಮಾಡಿತು. ಮಗ ಎದೆಯ ಬಳಿ ಇಟ್ಟುಕೊಂಡು ಬಂದ ಕಾಗದವನ್ನು ತಂದೆ ಮಗನ ಹೆಣದ ಮೇಲಿನಿಂದ ತೆಗೆದು ಓದುತ್ತಾನಲ್ಲ, ಅಲ್ಲಿ ಕಲ್ಲುಮನಸ್ಸಿನವರೂ ಕರಗಿದರು.

ಇನ್ನು ಈ ಅಳುವಿನ ರಾಜಕೀಯಕ್ಕೆ ಬರೋಣ. ಧಾರಾವಾಹಿ 2011ರ ಜನವರಿ 5ರಂದು ಶೋ ಟಿವಿಯಲ್ಲಿ ಶುರುವಾದಾಗಲೇ ಗದ್ದಲವೆದ್ದಿತ್ತು. ಸುಲ್ತಾನನನ್ನು ಜನಾನಾದಲ್ಲಿ ತೋರಿಸಿದ್ದಾರೆ, ಮದ್ಯದ ಬಟ್ಟಲು ತೋರಿಸಿದ್ದಾರೆ, ಪೂರ್ವಜರಿಗೆ ಅವಮಾನವಾಗಿದೆ ಎಂದು ಪ್ರಸಾರ ನಿಯಂತ್ರಣ ಮಂಡಳಿಗೆ 70,000ಕ್ಕೂ ಹೆಚ್ಚು ದೂರುಗಳು ಬಂದವು. ಮಂಡಳಿ ಚಾನೆಲ್‌ಗೆ ಎಚ್ಚರಿಕೆ ಕೊಟ್ಟಿತು. 2012ರ ನವೆಂಬರ್ 25ರಂದು ಕುತಾಹ್ಯಾದಲ್ಲಿ ವಿಮಾನ ನಿಲ್ದಾಣ ಉದ್ಘಾಟಿಸಲು ಹೋದ ಆಗಿನ ಪ್ರಧಾನಿ ಎರ್ದೋಗಾನ್, ನಮಗೆ ಇಂಥ ಪೂರ್ವಜರಿಲ್ಲ, ನಾವು ಬಲ್ಲ ಸುಲೈಮಾನ್ ಮೂವತ್ತು ವರ್ಷ ಕುದುರೆಯ ಬೆನ್ನ ಮೇಲೆ ಕಳೆದವನು ಎಂಬರ್ಥದ ಮಾತಾಡಿದರು. ನಿರ್ದೇಶಕರನ್ನೂ ಚಾನೆಲ್ ಮಾಲೀಕರನ್ನೂ ಬಹಿರಂಗವಾಗಿ ಖಂಡಿಸಿದರು. ಇಂಥದು ನಮಗೂ ಅಪರಿಚಿತವಲ್ಲ. ದೂರದರ್ಶನದಲ್ಲಿ ‘ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಬಂದಾಗ, ಇದು ಕಾಲ್ಪನಿಕ ಎಂಬ ಷರಾ ಹಚ್ಚಿಕೊಂಡೇ ಬರಬೇಕಾಗಿತ್ತು. ಅಲ್ಲಿ ಪೂರ್ವಜನನ್ನು ಕೆಳಗಿಳಿಸಿದರೆಂಬ ಆಕ್ಷೇಪ, ಇಲ್ಲಿ ಮೇಲಕ್ಕೇರಿಸಿದರೆಂಬ ಆಕ್ಷೇಪ.

ಈ 70,000 ದೂರುದಾರರಿಗೂ ಪ್ರಧಾನಿಗೂ ಕಂಡದ್ದು ಏನು? ಸುಲ್ತಾನ ಹೆಂಗಸರ ಜೊತೆ ಕಳೆದ ಹೊತ್ತು. ಅವನು ಮಗನನ್ನು ಕೊಂದದ್ದು ಅವಮಾನವೆಂದು ಅವರು ದೂರಿರಲಿಲ್ಲ. ಗಡಿಯಾರ ಹಿಡಿದು ಜನಾನಾದ ಗಂಟೆ, ಕುದುರೆಯ ಗಂಟೆ ಲೆಕ್ಕಹಾಕುತ್ತಿದ್ದವರಿಗೆ ಆ ಗುಡಾರ ಕಾಣಲೇ ಇಲ್ಲ. ತಮಾಷೆಯೆಂದರೆ ಮುಸ್ತಫಾನ ಕೊಲೆ ನಡೆದದ್ದು ಸುಲ್ತಾನ ಕುದುರೆಯ ಬೆನ್ನ ಮೇಲಿದ್ದಾಗಲೇ, ದಂಡಯಾತ್ರೆಯ ನಡುವೆ. ಸಾಮಾನ್ಯ ವೀಕ್ಷಕ ಮಾತ್ರ ನೋಡಬೇಕಾದದ್ದನ್ನು ನೋಡಿದ. ಸುಲ್ತಾನನನ್ನು ನಿಜವಾಗಿ ಇಳಿಸುವ ಕೃತ್ಯ ಯಾವುದೆಂದು ಅವನಿಗೆ ತಿಳಿಯಿತು. ಹಝ್ರತ್ ಇಬ್ರಾಹೀಮರ ಕೈಯ ಕತ್ತಿಯನ್ನು ದೇವರೇ ತಡೆದ ಕತೆಯನ್ನು ಪ್ರತಿ ಬಕ್ರೀದಿಗೆ ಕೇಳಿ ಬೆಳೆದ ಜನ ಅವರು. ಇಲ್ಲಿ ಯಾರೂ ತಡೆಯಲಿಲ್ಲ.

ಆ ದಿನಗಳ ತುರ್ಕಿಯ ಪತ್ರಿಕೆಗಳೂ ತಂದೆ ಮಕ್ಕಳ ಸುದ್ದಿಯಿಂದಲೇ ತುಂಬಿದ್ದವು. 2013ರ ಡಿಸೆಂಬರ್ 17ರಂದು ಭ್ರಷ್ಟಾಚಾರದ ತನಿಖೆಯಲ್ಲಿ ಮೂವರು ಮಂತ್ರಿಗಳ ಪುತ್ರರನ್ನು ಪೊಲೀಸರು ಹಿಡಿದಿದ್ದರು. ಅಧಿಕಾರದಲ್ಲಿರುವ ತಂದೆ ಮಗನಿಗಾಗಿ ಏನು ಮಾಡುತ್ತಾನೆ, ಅಧಿಕಾರಕ್ಕಾಗಿ ಮಗನಿಗೆ ಏನು ಮಾಡುತ್ತಾನೆ ಎಂಬೆರಡು ಪ್ರಶ್ನೆಗಳು ಒಂದೇ ಚಳಿಗಾಲದಲ್ಲಿ ಜನರ ಮುಂದಿದ್ದವು. ಇದಕ್ಕಿಂತ ಹೆಚ್ಚು ಎಳೆಯುವುದು ಬೇಡ.

ಇಲ್ಲಿಗೆ ಬರೆಹ ನಿಲ್ಲಿಸಿ ವೀಕ್ಷಕನ ಬೆನ್ನು ತಟ್ಟಿದರೆ ಸುಲಭವಿತ್ತು. ಆದರೆ ಅತ್ತ ಕಣ್ಣುಗಳು ಅಳು ಮುಗಿದ ಮೇಲೆ ಯಾರ ಕಡೆ ತಿರುಗಿದವು ಎಂಬುದನ್ನೂ ನೋಡಬೇಕು.

ನಮ್ಮ ಮನೆಯವರು ಈ ಧಾರಾವಾಹಿಯನ್ನು ಉರ್ದುವಿನಲ್ಲಿ ನೋಡಿದರು. ಪಾಕಿಸ್ತಾನದ ಜಿಯೋ ಕಹಾನಿ ಚಾನೆಲ್ ಇದನ್ನು ‘ಮೇರಾ ಸುಲ್ತಾನ್’ ಎಂಬ ಹೆಸರಿನಲ್ಲಿ ಡಬ್ ಮಾಡಿ ಪ್ರಸಾರ ಮಾಡಿತ್ತು. ಅದರ ಕಂತುಗಳು ಯೂಟ್ಯೂಬಿನ ದಾರಿಯಾಗಿ ನಮ್ಮ ಊರಿನ ಗಲ್ಲಿಗಳಿಗೂ ಬಂದವು. ನನ್ನ ಖಾಲಾ ಮಧ್ಯಾಹ್ನದ ಊಟವಾದ ಮೇಲೆ ಫೋನನ್ನು ಚೊಂಬಿಗೆ ಒರಗಿಸಿಟ್ಟುಕೊಂಡು ನೋಡುತ್ತಿದ್ದರು. ಮುಸ್ತಫಾ ಸತ್ತ ದಿನ ಅವರು ದುಪಟ್ಟಾದ ತುದಿ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಕೂತಿದ್ದು, ನಂತರ ಹೇಳಿದ್ದು ಒಂದೇ ಮಾತು: “ಆ ಚುಡೈಲ್ ಹುರ್ರಮ್‌ಳ ಹೊಟ್ಟೆ ಈಗ ತಣ್ಣಗಾಯಿತೇನೋ.” “ಕೊಂದವನು ಅಪ್ಪ ಅಲ್ವಾ ಖಾಲಾ?” ಎಂದೆ. “ಅವನೇನು ಮಾಡ್ತಾನಮ್ಮಾ, ಕಿವಿ ಊದಿದ್ದು ಅವಳು. ಗಂಡಸರ ಕಿವಿ ನಿನಗೆ ಗೊತ್ತಿಲ್ಲ” ಎಂದರು. ಖಾಲಾ ಸೊಸೆಯಾಗಿ, ಅತ್ತೆಯಾಗಿ ಎರಡೂ ಕಡೆಯಿಂದ ಇಂಥ ಮಾತು ಕೇಳಿಸಿಕೊಂಡವರೇ. ಆದರೂ ತೀರ್ಪು ಅದೇ.

ಇದು ಖಾಲಾ ಒಬ್ಬರ ತೀರ್ಪಲ್ಲ. ಇಸ್ತಾಂಬುಲ್‌ನಿಂದ ಕರಾಚಿಯವರೆಗೆ ವೀಕ್ಷಕರ ಶಾಪದ ಬಹುಪಾಲು ಹುರ್ರಮ್‌ಳಿಗೂ ಅವಳ ಅಳಿಯ, ವಜೀರ ರುಸ್ತಮ್ ಪಾಶಾನಿಗೂ ಸಂದಾಯವಾಯಿತು. ಸುಲ್ತಾನನಿಗೆ ಸಿಕ್ಕಿದ್ದು ಕನಿಕರ ಬೆರೆತ ಬೇಸರ. ಅದಕ್ಕೆ ಧಾರಾವಾಹಿಯೇ ದಾರಿ ಮಾಡಿಕೊಟ್ಟಿತ್ತು. ಹುರ್ರಮ್ ಸಂಚು ಹೂಡುವುದನ್ನು, ರುಸ್ತಮ್ ಸುಳ್ಳು ಮುದ್ರೆ ಒತ್ತಿಸುವುದನ್ನು, ಇರಾನಿನ ಶಾಹನ ಜೊತೆ ಮುಸ್ತಫಾ ಒಳಸಂಧಿ ಮಾಡಿಕೊಂಡಂತೆ ಕಾಗದ ಹುಟ್ಟಿಸುವುದನ್ನು ಗಂಟೆಗಟ್ಟಲೆ ತೋರಿಸಿ, ಸುಲ್ತಾನ ನಿರ್ಧಾರ ಮಾಡುವ ಹೊತ್ತನ್ನು ಹಾಲಿತ್ ಎರ್ಗೆಂಚ್ ಅವರ ಕಣ್ಣೀರಿನಿಂದ ತೊಳೆದುಬಿಟ್ಟರು. ಎರ್ಗೆಂಚ್ ದೊಡ್ಡ ನಟ. ಅವರ ಕಣ್ಣೀರು ಎಷ್ಟು ಸಾಚಾ ಇತ್ತೆಂದರೆ ಕೊಲೆಗಾರ ಮರೆತುಹೋಗಿ ಮಗನನ್ನು ಕಳಕೊಂಡ ತಂದೆ ಮಾತ್ರ ಉಳಿದ. ಈ ಕತೆಯ ಮೂಲ ಲೇಖಕಿ ಮೆರಲ್ ಒಕಾಯ್ 2012ರ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು. ಗುಡಾರದ ದೃಶ್ಯ ಅವರ ಕೈಯಲ್ಲಿ ಹೇಗಾಗುತ್ತಿತ್ತೋ ಎಂದು ನಾನು ಆಗಾಗ ಯೋಚಿಸುವುದುಂಟು. ಹುರ್ರಮ್‌ಳನ್ನು ಮೊದಮೊದಲು ಹಡಗಿನಲ್ಲಿ ಬಂದಿಳಿದ, ಮನೆಯವರನ್ನೆಲ್ಲ ಕಳೆದುಕೊಂಡ ಗುಲಾಮ ಹುಡುಗಿಯಾಗಿ ಅಷ್ಟು ಮಮತೆಯಿಂದ ಕಟ್ಟಿದವರು ಅವರೇ.

ವಿಚಿತ್ರವೆಂದರೆ 1553ರಲ್ಲಿ ನಡೆದದ್ದೂ ಇದೇ. ಮುಸ್ತಫಾ ಸತ್ತ ಸುದ್ದಿ ಶಿಬಿರದಲ್ಲಿ ಹರಡುತ್ತಲೇ ಜಾನಿಸಾರಿ ಸೈನಿಕರು ಕುದ್ದುಹೋದರು. ಅವರಿಗೆ ಮುಂದಿನ ಸುಲ್ತಾನನಾಗಿ ಬೇಕಾಗಿದ್ದವನು ಅವನೇ. ಸುಲೈಮಾನ್ ತಡಮಾಡದೆ ರುಸ್ತಮ್‌ನನ್ನು ಪ್ರಧಾನ ವಜೀರನ ಪಟ್ಟದಿಂದ ಇಳಿಸಿದ. ಸಿಟ್ಟು ಅತ್ತ ಹರಿದುಹೋಯಿತು. ಎರಡು ವರ್ಷ ಕಳೆದು 1555ರಲ್ಲಿ ರುಸ್ತಮ್ ಮತ್ತೆ ಅದೇ ಗಾದಿಗೆ ಬಂದ. ನಡುವೆ ಆ ಗಾದಿಯಲ್ಲಿ ಕೂತಿದ್ದ ಕಾರಾ ಅಹ್ಮದ್ ಪಾಶಾನ ತಲೆ ಹೋಯಿತು. ಸೈನಿಕ ಕವಿ ತಾಶ್ಲಿಜಾಲಿ ಯಾಹ್ಯಾ ಬರೆದ ಮರ್ಸಿಯಾ ಬಾಯಿಂದ ಬಾಯಿಗೆ ಹಬ್ಬಿತು. ಅದರ ಬೆಂಕಿಯೆಲ್ಲ ರುಸ್ತಮ್‌ನ ಕಡೆಗೆ. ಧಾರಾವಾಹಿಯಲ್ಲಿ ಈ ಯಾಹ್ಯಾ ಮುಸ್ತಫಾನ ಒಡನಾಡಿಯಾಗಿ ಬರುತ್ತಾನೆ. ನಿಜಜೀವನದಲ್ಲಿ ರುಸ್ತಮ್ ಮರಳಿ ಬಂದ ಮೇಲೆ ಅವನು ಹುದ್ದೆ ಕಳಕೊಂಡು ಬಾಲ್ಕನ್ ಗಡಿಯ ಕಡೆ ಹೋಗಬೇಕಾಯಿತು. ಯುರೋಪಿನಿಂದ ಬಂದ ರಾಯಭಾರಿ ಬುಸ್ಬೆಕ್ ತನ್ನ ಪತ್ರಗಳಲ್ಲಿ ದೋಷವನ್ನು ಹುರ್ರಮ್‌ಳ ತಲೆಗೆ ಕಟ್ಟಿದ. ಅವನ ಪತ್ರಗಳ ಮೂಲಕ ಯುರೋಪೆಲ್ಲ ಅದನ್ನೇ ನಂಬಿತು.

ಎಲ್ಲರಿಗಿಂತ ಧೈರ್ಯವಂತೆ ನಿಸಾಯಿ ಎಂಬ ಕವಯಿತ್ರಿ. ಮುಸ್ತಫಾನ ತಾಯಿಯ ಬಳಗಕ್ಕೆ ಹತ್ತಿರದವಳಿರಬೇಕು. ಅವಳ ಮರ್ಸಿಯಾ ವಜೀರನನ್ನು ಬಿಟ್ಟು ನೇರ ಸುಲ್ತಾನನ ಎದುರಿಗೇ ನಿಲ್ಲುತ್ತದೆ, ನಿನಗೆ ಕರುಣೆಯಿಲ್ಲ ಎನ್ನುತ್ತದೆ. ಹದಿನಾರನೆಯ ಶತಮಾನದ ಹೆಂಗಸೊಬ್ಬಳು ಜೀವಂತ ಸುಲ್ತಾನನಿಗೆ ಹೇಳಿದ ಮಾತಿದು. ಆದರೆ ಅವಳೂ ಕೂಡ, ರಷ್ಯಾದ ಮಾಟಗಾತಿಯ ಮಾತಿಗೆ ಕಿವಿಗೊಟ್ಟೆಯಲ್ಲ ಎಂಬ ಆಪಾದನೆಯನ್ನು ಸೇರಿಸದೆ ಇರಲಾರಳು. ನನ್ನ ಖಾಲಾನ ‘ಚುಡೈಲ್’ ಎಷ್ಟು ಹಳೆಯದೆಂದು ನೋಡಿ!

ಹುರ್ರಮ್ ನಿರಪರಾಧಿ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಅವಳಿಗೆ ತನ್ನ ಮಗ ಗಾದಿಗೆ ಬರಬೇಕೆಂಬ ಆಸೆ ಇದ್ದೇ ಇತ್ತು. ಆದರೆ ಆ ಆಸೆ ಅವಳಿಗೆ ಎಲ್ಲಿಂದ ಬಂತು? ಇಸ್ತಾಂಬುಲ್ ಗೆದ್ದ ಎರಡನೆಯ ಮೆಹ್ಮದ್ ಬರೆಸಿದ ಕಾನೂನಿನಲ್ಲಿ, ಗಾದಿಗೆ ಬಂದವನು ಲೋಕದ ವ್ಯವಸ್ಥೆಗಾಗಿ ತನ್ನ ಸಹೋದರರನ್ನು ಕೊಲ್ಲಿಸುವುದು ಯೋಗ್ಯ ಎಂಬ ಮಾತಿದೆ. ಮುಸ್ತಫಾ ಸುಲ್ತಾನನಾದರೆ ಹುರ್ರಮ್‌ಳ ಗಂಡುಮಕ್ಕಳೆಲ್ಲ ಸಾಯಬೇಕು. ಅವಳ ಮಗ ಸುಲ್ತಾನನಾದರೆ ಮುಸ್ತಫಾ ಸಾಯಬೇಕು, ಅವಳದೇ ಉಳಿದ ಮಕ್ಕಳೂ ಸಾಯಬೇಕು. ಇತಿಹಾಸಕಾರ್ತಿ ಲೆಸ್ಲಿ ಪಿಯರ್ಸ್ ಉಸ್ಮಾನಿ ಜನಾನಾದ ಬಗ್ಗೆ ಬರೆದ ಪುಸ್ತಕದಲ್ಲಿ ಇನ್ನೊಂದು ವಿಷಯ ವಿವರಿಸುತ್ತಾರೆ. ಹುರ್ರಮ್‌ಗಿಂತ ಮುಂಚೆ ಒಬ್ಬ ದಾಸಿಗೆ ಒಬ್ಬನೇ ಮಗ ಎಂಬ ಪದ್ಧತಿ ಇತ್ತು. ಮಗ ದೊಡ್ಡವನಾದರೆ ತಾಯಿ ಅವನ ಜೊತೆ ಪ್ರಾಂತ್ಯಕ್ಕೆ ಹೋಗಿ ಅವನನ್ನು ಕಾಯಬೇಕು. ಅಂದರೆ ಜನಾನಾದಲ್ಲಿ ಪ್ರತಿ ತಾಯಿಯೂ ಉಳಿದ ತಾಯಂದಿರ ವೈರಿ. ಈ ವೈರವನ್ನು ಹೆಂಗಸರು ಹುಟ್ಟಿಸಿದ್ದಲ್ಲ, ಬರೆದಿಟ್ಟ ಕಾನೂನು ಹುಟ್ಟಿಸಿದ್ದು. ಸುಲೈಮಾನನನ್ನು ಯುರೋಪಿನವರು ‘ಭವ್ಯ’ ಎಂದು ಕರೆದರೆ ಅವನ ಸ್ವಂತ ಜನ ಕರೆದದ್ದು ‘ಕಾನೂನಿ’, ಕಾನೂನು ಕೊಟ್ಟವನು ಎಂದು. ನೂರಾರು ವಿಷಯಗಳಲ್ಲಿ ಕಾನೂನು ತಿದ್ದಿದವನು ಇದೊಂದನ್ನು ಮುಟ್ಟಲಿಲ್ಲ.

ಅವನಿಗೆ ಭಯವೂ ಇತ್ತು. ಅವನ ತಂದೆ ಸಲೀಮ್ 1512ರಲ್ಲಿ ಜಾನಿಸಾರಿಗಳ ಬೆಂಬಲದಿಂದ ತನ್ನ ತಂದೆ ಎರಡನೆಯ ಬಾಯಝೀದನನ್ನು ಗಾದಿಯಿಂದ ಇಳಿಸಿದ್ದ. ಸೈನ್ಯಕ್ಕೆ ಪ್ರಿಯನಾದ ಮಗ, ವಯಸ್ಸಾದ ತಂದೆ: ಈ ಕತೆಯ ಕೊನೆ ಸುಲೈಮಾನನಿಗೆ ಮನೆಯಲ್ಲೇ ಗೊತ್ತಿತ್ತು. ಯಾವ ಹೆಂಗಸೂ ಕಿವಿಯೂದದಿದ್ದರೂ ಇಷ್ಟು ಸಾಕಿತ್ತು. ಮುಂದೆ 1595ರಲ್ಲಿ ಗಾದಿಗೆ ಬಂದ ಮೂರನೆಯ ಮೆಹ್ಮದ್ ತನ್ನ 19 ತಮ್ಮಂದಿರನ್ನು ಕೊಲ್ಲಿಸಿದ. ಹುರ್ರಮ್ ಸತ್ತು ಆಗಲೇ 37 ವರ್ಷವಾಗಿತ್ತು.

ನಮ್ಮವರು ಈ ಪ್ರಶ್ನೆಯನ್ನು ಎದುರಿಸಿದ್ದಾರೆಯೇ ಎಂದು ಯೋಚಿಸಿದಾಗ ನೆನಪಾಗುವುದು 1960ರಲ್ಲಿ ಬಂದ ಕೆ. ಆಸಿಫ್ ಅವರ ‘ಮುಘಲ್-ಎ-ಆಝಮ್’. ಅಲ್ಲೂ ಗಾದಿಯ ಮೇಲೆ ತಂದೆ, ಎದುರು ನಿಂತ ಮಗ, ನಡುವೆ ದಾಸಿ. ಇಮ್ತಿಯಾಝ್ ಅಲಿ ತಾಜ್ ಅವರ ‘ಅನಾರ್ಕಲಿ’ ನಾಟಕದಲ್ಲಿ ಅವಳು ಗೋಡೆಯೊಳಗೆ ಜೀವಂತ ಸಮಾಧಿಯಾಗುತ್ತಾಳೆ. ಸಿನಿಮಾದ ಅಕ್ಬರ್ ಅವಳನ್ನು ಸುರಂಗದ ದಾರಿಯಿಂದ ಗುಟ್ಟಾಗಿ ಕಳಿಸಿಬಿಡುತ್ತಾನೆ. ನೋಡುವವರು ಬಾದಶಾಹನನ್ನು ಕ್ಷಮಿಸಿ ಥಿಯೇಟರಿನಿಂದ ಹೊರಬರಲಿ ಎಂದು ತೆರೆದ ಸುರಂಗ ಅದು. ಆ ಕತೆ ದಂತಕತೆಯಾದ್ದರಿಂದ ಸುರಂಗ ತೋಡಲು ಸಾಧ್ಯವಾಯಿತು. ಆ ಸಲೀಮನೇ ಜಹಾಂಗೀರನಾದ ಮೇಲೆ ತನ್ನ ಮಗ ಖುಸ್ರೋನ ಕಣ್ಣು ಕೀಳಿಸಲು ಆಜ್ಞೆ ಮಾಡಿದ್ದು ದಂತಕತೆಯಲ್ಲ. ಅದರ ಮೇಲೆ ಯಾರೂ ಅಂಥ ಸಿನಿಮಾ ಮಾಡಿಲ್ಲ.

2014ರ ಜೂನ್ 11ರಂದು 139ನೆಯ ಕಂತಿನೊಂದಿಗೆ ‘ಮುಹ್ತೆಶೆಮ್ ಯೂಝ್‌ಯಿಲ್’ ಮುಗಿಯಿತು. 1566ರಲ್ಲಿ ಹಂಗೇರಿಯ ಸಿಗೆತ್ವಾರ್ ಕೋಟೆಯ ಮುತ್ತಿಗೆಯ ವೇಳೆ ಸುಲೈಮಾನ್ ಸಾಯುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಮಗ ಬಾಯಝೀದ್ ತಮ್ಮನಂತೆ ಇದ್ದ ಅಣ್ಣ ಸಲೀಮನ ಎದುರು ಯುದ್ಧ ಸೋತು, ಇರಾನಿಗೆ ಓಡಿ, 1561ರಲ್ಲಿ ಮಕ್ಕಳೊಡನೆ ಕೊಲ್ಲಲ್ಪಟ್ಟಿರುತ್ತಾನೆ. ಉಳಿದವನು ಸಲೀಮ್ ಒಬ್ಬನೇ. ಧಾರಾವಾಹಿಯ ಸಮಾಪ್ತಿ ಕಂತಿಗೆ ಇರಬೇಕಾದ ಎಲ್ಲ ಆಡಂಬರವೂ ಅದಕ್ಕಿತ್ತು. ನನ್ನ ಮಟ್ಟಿಗೆ ಕತೆ ಫೆಬ್ರವರಿಯಲ್ಲೇ ಮುಗಿದಿತ್ತು. ಆಮೇಲಿನ 16 ಕಂತುಗಳು ಸಾವಿನ ಮನೆಯಲ್ಲಿ ಲೆಕ್ಕ ಚುಕ್ತಾ ಮಾಡುವವರ ಓಡಾಟದಂತೆ ಕಂಡವು. ನಾಲ್ಕನೆಯ ಸೀಸನ್‌ಗೆ ಸಲ್ಲಬೇಕಾದ ಕೊನೆ ಯಾವುದೆಂದು ಬುರ್ಸಾಕ್ಕೆ ಹೋದವರು ಮೊದಲೇ ನಿರ್ಧರಿಸಿಬಿಟ್ಟಿದ್ದರು.

ಅದೇ ವರ್ಷದ ಡಿಸೆಂಬರಿನಲ್ಲಿ ತುರ್ಕಿಯ ಸರಕಾರಿ ವಾಹಿನಿ ಟಿಆರ್‌ಟಿ ‘ದಿರಿಲಿಶ್: ಎರ್ತುರುಲ್’ ಶುರುಮಾಡಿತು. 2019ರವರೆಗೆ ಐದು ಸೀಸನ್. ಇಲ್ಲಿ ಪೂರ್ವಜ ನಿಜಕ್ಕೂ ಕುದುರೆಯ ಮೇಲೇ ಇರುತ್ತಾನೆ. ದ್ರೋಹಿಗಳು ಬುಡಕಟ್ಟಿನ ಒಳಗೂ ಇದ್ದಾರೆ, ನಿಜ. ಆದರೆ ನಾಯಕನ ಕೈಗೆ ಅಂಟಿದ ರಕ್ತ ನಮ್ಮನ್ನು ಕಾಡುವುದಿಲ್ಲ. 2020ರ ರಮಝಾನಿನಲ್ಲಿ ಪ್ರಧಾನಿ ಇಮ್ರಾನ್ ಖಾನ್ ಅವರ ಆಸಕ್ತಿಯಿಂದ ಇದು ಪಾಕಿಸ್ತಾನದ ಸರಕಾರಿ ಟಿವಿಯಲ್ಲಿ ಉರ್ದುವಿನಲ್ಲಿ ಬಂದಾಗ ವೀಕ್ಷಕರ ಪ್ರತಿಕ್ರಿಯೆ ಯಾವ ಕಡೆ ಹೊರಳಿತೆಂಬುದು ನೆನಪಿರಬಹುದು. ಹಲೀಮಾ ಪಾತ್ರದ ನಟಿ ಎಸ್ರಾ ಬಿಲ್ಗಿಚ್ ತನ್ನ ಸ್ವಂತ ಉಡುಪಿನಲ್ಲಿ ತೆಗೆಸಿಕೊಂಡ ಚಿತ್ರಗಳ ಕೆಳಗೆ, ಹಲೀಮಾ ಹೀಗೆ ಬಟ್ಟೆ ತೊಡಬಹುದೇ ಎಂದು ಗದರಿಸುವವರ ಸಾಲು ನಿಂತಿತು. ಹದಿಮೂರನೆಯ ಶತಮಾನದ ಹೆಂಗಸಿನ ಮುಸುಕನ್ನು ಇಪ್ಪತ್ತೊಂದನೆಯ ಶತಮಾನದ ದುಡಿಯುವ ಹೆಂಗಸಿನ ಮೇಲೆ ಹೊದಿಸುವ ಉಸ್ತುವಾರಿ ಅದು. ಇಂಥ ವೀಕ್ಷಕನಿಗೆ ಧಾರಾವಾಹಿ ಏನನ್ನೂ ಕೇಳಿರಲಿಲ್ಲ, ಬರೀ ಹೆಮ್ಮೆ ಪಡು ಎಂದಿತ್ತು. ಹೆಮ್ಮೆ ಪಟ್ಟು ಮುಗಿದ ಮೇಲೆ ಅವನು ಕಾವಲಿಗೆ ನಿಂತ. ಕುದುರೆಗಳು ಚೆನ್ನಾಗಿವೆ, ನಾನೂ ಒಂದೆರಡು ಸೀಸನ್ ಖುಷಿಯಿಂದ ನೋಡಿದ್ದೇನೆ. ಆದರೆ ಅದರ ಯಾವ ಸಮಾಪ್ತಿ ಕಂತೂ ನನ್ನನ್ನು ಮಧ್ಯರಾತ್ರಿ ಎಬ್ಬಿಸಿ ಕೂರಿಸಲಿಲ್ಲ. ಮುಸ್ತಫಾನ ಕಂತು ಎಬ್ಬಿಸಿತ್ತು, ಅದರ ಎಲ್ಲ ಜಾಣ ಮರೆಮಾಚುವಿಕೆಯ ನಡುವೆಯೂ.

ಹುರ್ರಮ್‌ಳನ್ನು ಶಪಿಸಿದವರು, ಸುಲ್ತಾನನಿಗೆ ಮರುಗಿದವರು ಸುಮಾರಾಗಿ ಮರೆತದ್ದು ಮುಸ್ತಫಾನ ತಾಯಿಯನ್ನು. ಮಾಹಿದೇವ್ರಾನ್ ಧಾರಾವಾಹಿಯ ಉದ್ದಕ್ಕೂ ಸವತಿ ಮತ್ಸರದ ಹೆಂಗಸಾಗಿಯೇ ಇದ್ದವಳು. ನೂರ್ ಫೆತ್ತಾಹೊಗ್ಲು ಎಂಬ ಚೆಂದದ ನಟಿಗೆ ವರ್ಷಗಟ್ಟಲೆ ಹಲ್ಲು ಕಚ್ಚುವ ಕೆಲಸ ಕೊಟ್ಟಿದ್ದರು. ಮಗ ಸತ್ತ ಮೇಲೆ ಅವಳು ಬುರ್ಸಾದಲ್ಲಿ ಉಳಿದಳು. ಮುಸ್ತಫಾನ ಪುಟ್ಟ ಮಗನನ್ನೂ ಅಲ್ಲೇ ಕೊಲ್ಲಿಸಿದರು. ಅವಳಿಗೆ ಮನೆ ಬಾಡಿಗೆ ಕಟ್ಟಲೂ ಹಣವಿರಲಿಲ್ಲ, ಪೇಟೆಗೆ ಹೋದ ಅವಳ ಆಳುಗಳನ್ನು ಅಂಗಡಿಯವರು ಸತಾಯಿಸುತ್ತಿದ್ದರು. ವರ್ಷಗಳ ನಂತರ ಅವಳ ಸಾಲ ತೀರಿಸಿ, ಮನೆ ಕೊಡಿಸಿ, ಮುಸ್ತಫಾನಿಗೆ ಹೆಂಚಿನ ಚಿತ್ತಾರದ ಗೋರಿ ಕಟ್ಟಿಸಿದವನು ಸಲೀಮ್, ಹುರ್ರಮ್‌ಳ ಮಗ. ಮಗ ಸತ್ತ ಮೇಲೆ ಅವಳು 28 ವರ್ಷ ಬದುಕಿದ್ದು 1581ರಲ್ಲಿ ತೀರಿಕೊಂಡಳು. ಅವಳನ್ನು ಮಣ್ಣುಮಾಡಿದ್ದು ಅದೇ ಗೋರಿಯಲ್ಲಿ. 2014ರಲ್ಲಿ ಫಾತಿಹಾ ಓದಲು ಹೋದವರು ಓದಿದ್ದು ಅವಳ ಪಕ್ಕದಲ್ಲಿ ನಿಂತು. ನಾನು ಈ ಕತೆ ಬರೆಯುವುದಾದರೆ ಗುಡಾರವನ್ನು ಬಿಟ್ಟು ಆ ಬಾಡಿಗೆ ಮನೆಯಿಂದ ಶುರುಮಾಡುತ್ತಿದ್ದೆ, ಸಾಲ ಕೇಳಲು ಬಂದ ಕಟುಕ ಬಾಗಿಲು ತಟ್ಟುವಲ್ಲಿಂದ.